ಬಲಗಡೆಯ ಗುಡ್ಡ

ಅಬ್ಬ, ಎಷ್ಟು ಕುಣಿಯುತ್ತಿವೆ ಇವು — ಮುಂದಿನ ಸೀಟಿನ ಹೆಂಗಸಿನ ಹೆಗಲ ಮೇಲಿಂದ ಓರೆಯಾಗಿ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು, ಮೇಲೆ, ಕೆಳಗೆ, ಯಾರೋ ಕರೆದರು ಅಂತ ಒಂದು ಕಡೆ ಹೋಗಿ, ಯಾಕೆ ಹೋದೆ ಅನ್ನುವುದೇ ಮರೆತು ವಾಪಸ್ ಬಂದು, ಬಸ್ಸು ಹುಂಚ ಬಿಟ್ಟು ಹತ್ತು ನಿಮಿಷವಾಗಿಲ್ಲ, ಆಗಲೇ ಇಷ್ಟು ಧೂಳು, ಮಾರ್ಚ್ ತಿಂಗಳಲ್ಲವೇ, ಒಂದೊಂದೂ ಹತ್ತು ಮೈಕ್ರಾನಾದರೂ ಇದ್ದೀತು, ಅಂದರೆ ಹತ್ತು ಸಾವಿರ ನ್ಯಾನೋಮೀಟರ್, ನನ್ನ ಬೆಳ್ಳಿಯ ಕಣ ಬರೀ ಇಪ್ಪತ್ತೆಂಟು, ಇವುಗಳಲ್ಲಿ ಒಂದರ ಬೆನ್ನ ಮೇಲೆ ನನ್ನವನ್ನು ಸಾಲಾಗಿ ಕೂರಿಸಿದರೆ ಈ ತುದಿಯಿಂದ ಆ ತುದಿಗೆ ಮುನ್ನೂರೈವತ್ತು ಕೂತಾವು, ಅದೂ ಟಿಕೆಟ್ ಇಲ್ಲದೆ — ಸುಮ್ಮನಿರು ಸುಪ್ರಿಯಾ, ಬೆಳಿಗ್ಗೆ ಬೆಳಿಗ್ಗೆಯೇ ಲೆಕ್ಕ ಶುರು ಮಾಡಬೇಡ, ತೊಡೆಯ ಮೇಲಿನ ಟಿಫಿನ್ ಡಬ್ಬಿ ಗಟ್ಟಿಯಾಗಿ ಹಿಡಿದುಕೋ ಸಾಕು, ಪಕ್ಕದಲ್ಲಿ ಕೂತವರು ಇದರಲ್ಲಿ ಕಡುಬು ಇದೆ ಅಂದುಕೊಂಡಿರಬೇಕು, ಎರಡು ಸಲ ಇಣುಕಿ ನೋಡಿದರು, ಇರುವುದು ಎರಡು ಗಾಜಿನ ಸೀಸೆ, ಒಂದರಲ್ಲಿ ನಲವತ್ತು ದಿನದ ಹಿಂದೆ ಮಾಡಿದ ಬೆಳ್ಳಿಯ ನೀರು, ಜೇನಿನ ಬಣ್ಣ, ಇನ್ನೊಂದರಲ್ಲಿ ಅದನ್ನೇ ನಿನ್ನೆ ಸಂಜೆ ತೆಳು ಮಾಡಿ ರಾತ್ರಿಯಿಡೀ ತಣ್ಣಗೆ ಕೂರಿಸಿದ್ದು, ತಿಳಿ ಹಳದಿ, ಹನ್ನೊಂದು ಗಂಟೆಗೆ ಸಾಗರದಲ್ಲಿ ಇದನ್ನು ಅಳೆಯುತ್ತಾರೆ, ನಾಲ್ಕನೇ ಸಲ, ಕೊನೆಯ ಸಲ, ಬಲಗಡೆಯ ಗುಡ್ಡ ಇವತ್ತೂ ಎದ್ದು ನಿಂತರೆ ನನ್ನ ಮೂರು ವರ್ಷ ಎರಡು ತಿಂಗಳ ಕೆಲಸಕ್ಕೆ ಒಂದು ದೊಡ್ಡ ನಮಸ್ಕಾರ.

ಗುಡ್ಡ ಅಂದರೆ ಗುಡ್ಡವೇ, ಪರದೆಯ ಮೇಲಿನ ಗೆರೆಗೆ ನಾನಿಟ್ಟ ಹೆಸರು, ಕಣಗಳಿರುವ ನೀರಿಗೆ ಕೆಂಪು ಲೇಸರ್ ಬಿಡುತ್ತಾರೆ, ಕಣಗಳು ಕುಣಿಯುತ್ತವೆ, ಸಣ್ಣವು ಚುರುಕಾಗಿ ಕುಣಿದರೆ ದೊಡ್ಡವು ನಿಧಾನ, ಚದುರಿದ ಬೆಳಕಿನ ಮಿಣುಕಾಟ ನೋಡಿ ಯಂತ್ರ ಗಾತ್ರ ಹೇಳುತ್ತದೆ, ಅಷ್ಟೇ, ಒಂದೇ ಗಾತ್ರದವು ಇದ್ದರೆ ಒಂದೇ ಗುಡ್ಡ, ನನ್ನದರಲ್ಲಿ ಎಡಗಡೆ ಇಪ್ಪತ್ತೆಂಟರ ಹತ್ತಿರ ಒಂದು, ಚಂದದ್ದು, ನುಣುಪಾದದ್ದು, ಆಮೇಲೆ ಗೆರೆ ನೆಲಕ್ಕೆ ಇಳಿದು ಮಲಗಿ, ಸದ್ಯ ಮುಗಿಯಿತು ಅಂದುಕೊಳ್ಳುವಾಗ, ಬಲಗಡೆ ಎರಡು ಸಾವಿರದ ಹತ್ತಿರ ಮತ್ತೆ ಏಳುತ್ತದೆ ನೋಡು ಆ ದರಿದ್ರದ್ದು, ಮೊದಲ ಸಲ ಎರಡು ಸಾವಿರದ ಅರವತ್ತು, ಎರಡನೇ ಸಲ ಎರಡು ಸಾವಿರದ ಇನ್ನೂರು, ಮೂರನೇ ಸಲ ಎರಡು ಸಾವಿರದ ನೂರ ಹತ್ತು, ಹಾಗಂತ ಅಷ್ಟು ದೊಡ್ಡವು ಬಹಳ ಇರಬೇಕೆಂದೇನೂ ಇಲ್ಲ, ಬೆರಳೆಣಿಕೆಯಷ್ಟಿದ್ದರೂ ಸಾಕು, ದೊಡ್ಡದೊಂದು ಚದುರಿಸುವ ಬೆಳಕು ಕೋಟಿಗಟ್ಟಲೆ ಸಣ್ಣ ಕಣಗಳ ಬೆಳಕನ್ನು ಮುಚ್ಚಿಹಾಕುತ್ತದೆ — ಹಲೋ, ಹಲೋ, ಕೇಳ್ತಾ ಇದ್ಯಾ, ರಿಪ್ಪನ್‌ಪೇಟೆ ಬರ್ತಾ ಇದೀನಿ ಅಂದ್ನಲ್ಲಾ, ಕೋಳಿ ಗೂಡಿನ ಬಾಗ್ಲು ಹಾಕಿದ್ಯಾ — ಅದೋ, ಹಿಂದಿನ ಸೀಟಿನ ಈ ಮಹಾನುಭಾವರ ಹಾಗೆ, ಬಸ್ಸಿನಲ್ಲಿ ಐವತ್ತು ಜನ ಇದ್ದೇವೆ, ಕಣ್ಣು ಮುಚ್ಚಿ ಕೇಳಿದವರಿಗೆ ಒಬ್ಬರೇ ಇದ್ದಾರೆ ಅನ್ನಿಸಬೇಕು, ಆ ಕೋಳಿ ಗೂಡಿನ ಬಾಗಿಲು ಹಾಕಿದರೋ ಇಲ್ಲವೋ ಈಗ ನನಗೂ ಚಿಂತೆ ಹತ್ತಿತು.

ಎರಡು ಸಾವಿರ ಅಂದರೆ ಏನರ್ಥ, ಹೇರಂಬ ಸರ್ ಹೇಳುವ ಪ್ರಕಾರ ಒಂದೇ ಅರ್ಥ, ನಿನ್ನ ಕಣಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗ್ತಾ ಇವೆ ಸುಪ್ರಿಯಾ, ತೀರ್ಥಹಳ್ಳಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಸ್ಟೂಲಿನ ಮೇಲೆ ಕಾಲು ಮಡಚಿ ಕೂತು, ಕನ್ನಡಕ ಹಣೆಗೆ ಏರಿಸಿ, ಎಂತ ಮಾಡದು ಈಗ, ಅಂತ ನನ್ನನ್ನೇ ಕೇಳುತ್ತಾರೆ, ಗೈಡ್ ಅವರು, ಪ್ರಶ್ನೆ ನನಗೆ, ಅಂಟಿಕೊಂಡಿಲ್ಲ ಸರ್, ಅಂಟಿಕೊಂಡಿದ್ದರೆ ಬಣ್ಣ ಬೂದಿಯಾಗಬೇಕಿತ್ತು, ನಲವತ್ತು ದಿನದಿಂದ ಜೇನಿನ ಬಣ್ಣವೇ ಇದೆ ನೋಡಿ, ಅಂತ ಸೀಸೆಯನ್ನು ಕಿಟಕಿಗೆ ಹಿಡಿದರೆ, ಕಣ್ಣಿಗೆ ಕಂಡದ್ದನ್ನ ಪ್ರಬಂಧದಲ್ಲಿ ಬರೆಯಕ್ಕೆ ಆಗಲ್ಲ, ಅಳತೆ ಎಂತ ಹೇಳ್ತು ಅದು ಮುಖ್ಯ, ಅನ್ನುತ್ತಾರೆ, ನನಗೆ ಮೂಗಿನ ತುದಿಯಲ್ಲಿ ಕೋಪ, ಆದರೆ ಅವರು ಹೇಳುವುದು ಸರಿ, ಅದೇ ಇನ್ನೂ ಕೋಪ, ಯಾಕೆಂದರೆ ನನ್ನ ಇಡೀ ಕೆಲಸ ನಿಂತಿರುವುದು ಅದರ ಮೇಲೇ, ಮುರುಗಲ ಹಣ್ಣಿನ ಸಿಪ್ಪೆಯ ರಸದಲ್ಲಿ ಬೆಳ್ಳಿಯ ಕಣ ಮಾಡುವುದು, ಶುದ್ಧ ನೀರಿಗೆ ಹಾಕಿದರೆ ಅವು ಬಿಡಿಬಿಡಿಯಾಗಿ ಹಳದಿಯಾಗಿಯೇ ಇರಬೇಕು, ನೀರಿನಲ್ಲಿ ಕೀಟನಾಶಕದ ಅಂಶ ಇದ್ದರೆ ಮಾತ್ರ ಅಂಟಿಕೊಂಡು ಬೂದಿಯಾಗಬೇಕು, ಯಾರು ಬೇಕಾದರೂ ತಮ್ಮ ಬಾವಿಯ ನೀರನ್ನು ತಾವೇ ನೋಡಿಕೊಳ್ಳಬಹುದು, ಈಗ ಇವು ಶುದ್ಧ ನೀರಲ್ಲೇ ತಾವಾಗಿ ಅಂಟಿಕೊಂಡರೆ ಒಳ್ಳೆಯ ಬಾವಿಗೂ ಕೆಟ್ಟದ್ದು ಅನ್ನುವ ಸುಳ್ಳು ಪರೀಕ್ಷೆ ಅದು, ಅಂಥದ್ದನ್ನು ಯಾರ ಕೈಗೂ ಕೊಡಬಾರದು, ನಾಳೆ ಪರಿಶೀಲನಾ ಸಮಿತಿ, ಇವತ್ತು ಸಂಜೆಯೊಳಗೆ ಸರ್ ವರದಿ ಕಳಿಸಬೇಕು, ಈ ಸಲವೂ ಎರಡು ಬಂದರೆ ಬಿಟ್ಟುಬಿಡುವ ಸುಪ್ರಿಯಾ, ವಿಷಯ ಬದಲಾಯಿಸಿ ಬೇರೆದು ಹಿಡಿಯುವ, ಅಂದರು, ಮೆತ್ತಗೆ ಅಂದರು, ಬೈದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ವಾಪಸ್ ಆಡಿ ಹಗುರಾಗುತ್ತಿದ್ದೆ.

ಮೊದಲು ನಾನು ಬೆಳ್ಳಿಯನ್ನು ಬೇರೆಯದಕ್ಕೆ ಅಂದುಕೊಂಡಿದ್ದೆ, ಎಲ್ಲರೂ ಮಾಡುವ ಹಾಗೆ, ನೀರಿನ ಕ್ರಿಮಿ ಕೊಲ್ಲುವುದಕ್ಕೆ, ಊಟಕ್ಕೆ ಕೂತಾಗ ಅಜ್ಜಿ ಕೇಳಿದ್ದು, ನನ್ನ ಅಪ್ಪನ ಅಮ್ಮ, ಜಿನಮ್ಮ, ಎಂಬತ್ತೆರಡು, ಸಂಜೆ ಬೆಳಕಿರುವಾಗಲೇ ಊಟ ಮುಗಿಸುವ ನಮ್ಮ ಜೈನರ ಮನೆಯಲ್ಲಿ ಊಟದ ಹೊತ್ತಿಗೆ ಎಲ್ಲರ ಮುಖವೂ ಚೆನ್ನಾಗಿ ಕಾಣುತ್ತದೆ, ಅದೆಂತ ಮಾಡ್ತದೆ ಮಗಾ ನಿನ್ ಬೆಳ್ಳಿ, ಕ್ರಿಮಿ ಸಾಯಿಸುತ್ತೆ ಅಜ್ಜಿ, ಹೌದಾ, ಅಂದರು, ಅಷ್ಟೇ, ಬೈಗುಳ ಇಲ್ಲ, ಉಪದೇಶ ಇಲ್ಲ, ಮಜ್ಜಿಗೆ ಬಡಿಸಿದರು, ಆ ಹೌದಾ ಎರಡು ದಿನ ನನ್ನ ಬೆನ್ನಿಗೆ ಅಂಟಿಕೊಂಡಿತ್ತು, ಮೂರನೆಯ ದಿನ ಹೋಗಿ ಸರ್ ಹತ್ತಿರ ಹೇಳಿದೆ, ಕೊಲ್ಲುವುದು ಬೇಡ ಸರ್, ತೋರಿಸುವುದು ಮಾಡೋಣ, ಸರ್ ಒಂದು ಗಳಿಗೆ ನೋಡಿ, ಅಡ್ಡಿಲ್ಲೆ, ಹೊಸತಾಗ್ತು, ಅಂದುಬಿಟ್ಟರು, ಖುಷಿಯಾದಾಗ ಅವರಿಗೆ ಮನೆಮಾತೇ ಬರುವುದು, ಹಾಗೆ ಹುಟ್ಟಿದ್ದು ಈ ವಿಷಯ, ನನ್ನ ಸ್ವಂತದ್ದು, ಯಾರದೋ ಮುಗಿದ ಕೆಲಸದ ಬಾಲ ಅಲ್ಲ, ಅದಕ್ಕೇ ಬಿಡಲಾರೆ, ಬಿಡಲಾರೆ ಅಂದರೆ ಬಿಡಲಾರೆ — ರಿಪ್ಪನ್‌ಪೇಟೆ, ಕೋಳಿ ಗೂಡಿನವರು ಇಳಿದರು, ಆಹಾ ಎಂಥ ನಿಶ್ಶಬ್ದ, ಈಗ ಕಂಡಕ್ಟರ್ ಚಿಲ್ಲರೆ ಎಣಿಸುವುದೂ ಕೇಳುತ್ತಿದೆ, ಮೂರು ಸಾಲು ಹಿಂದೆ ಒಂದು ಮಗು ಎ ಫಾರ್ ಆಪಲ್ ಹೇಳುತ್ತಿರುವುದೂ ಕೇಳುತ್ತಿದೆ.

ಧರ್ಮಪ್ಪನವರನ್ನು ಹೇಗೆ ಎದುರಿಸುವುದು ಅನ್ನುವುದು ಇನ್ನೊಂದು, ಸಾಗರದ ಆ ಕೇಂದ್ರದಲ್ಲಿ ಯಂತ್ರ ನಡೆಸುವವರು ಅವರು, ಐವತ್ತೈದಿರಬಹುದು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿರುತ್ತಾರೆ, ಕ್ಯುವೆಟ್ ಎನ್ನುವ ಆ ಚೌಕದ ಪುಟ್ಟ ಗಾಜಿನ ಲೋಟವನ್ನು ಎರಡು ಬೆರಳಲ್ಲಿ ಮೇಲಿನ ಅಂಚಿನಲ್ಲಷ್ಟೇ ಹಿಡಿದು, ಮೂರು ಸಲ ತೊಳೆದು, ಬೆಳಕಿಗೆ ಹಿಡಿದು, ಮತ್ತೊಮ್ಮೆ ತೊಳೆಯುವವರು, ಅವರಿಗೆ ನಾನು ಮೂರನೇ ಸಲ ಎಲ್ಲರೆದುರು ಹೇಳಿದೆ, ನಿಮ್ಮ ಕ್ಯುವೆಟ್ ಕೊಳಕು ಅದಕ್ಕೇ ಹೀಗೆ ಬರ್ತಿರೋದು, ಹೇಳಿದ್ದು ಸಾಲದೇ ಅವರ ಮೇಲಧಿಕಾರಿಗೆ ಪತ್ರ ಬೇರೆ ಬರೆದೆ, ಸ್ವಚ್ಛತೆಯ ಕೊರತೆ ಎದ್ದು ಕಾಣುತ್ತಿದೆ, ಅಂತ, ಎದ್ದು ಕಾಣುತ್ತಿದೆ, ಆ ಪದ ಬರೆದು ಎಷ್ಟು ಹೆಮ್ಮೆಪಟ್ಟಿದ್ದೆ, ಅವರೇನಂದರು, ಮೇಡಂ, ಬೇರೆ ಹನ್ನೊಂದು ಜನದ್ದು ಇದ್ರಲ್ಲೇ ಅಳ್ದಿದೀನಿ, ಯಾರಿಗೂ ಬರ್ದೇ ಇದ್ದಿದ್ದು ನಿಮಗೊಬ್ರಿಗೇ ಬತ್ತದೆ ಅಂದ್ರೆ ನಿಮ್ ಮನೆ ಕಡೆ ಒಂದ್ಸಲ ನೋಡ್ಕಳಿ, ಅಂದರು, ನಮ್ಮ ಮನೆ ಕಡೆಯಾ, ನಮ್ಮ ಮನೆಯಷ್ಟು ಶುಚಿಯಾದ ಮನೆ ಈ ತಾಲೂಕಿನಲ್ಲಿ ತೋರಿಸಿ ನೋಡೋಣ, ಅಂತ ಬಾಯಿಗೆ ಬಂದಿತ್ತು, ಹಾಗೇ ನುಂಗಿಕೊಂಡೆ, ಆಮೇಲೆ ಏನೆಲ್ಲ ಬದಲಾಯಿಸಿದೆ, ಸಿಪ್ಪೆ ಬದಲಾಯಿಸಿದೆ, ಬೆಳ್ಳಿಯ ಲವಣದ ಬಾಟಲಿ ಬದಲಾಯಿಸಿದೆ, ಸೀಸೆಗಳನ್ನು ಆಮ್ಲದಲ್ಲಿ ತೊಳೆದೆ, ನೀರಂತೂ ಕಾಲೇಜಿನ ಲ್ಯಾಬಿನಲ್ಲಿ ಮೂರು ಹಂತ ಶುದ್ಧ ಮಾಡಿದ್ದು, ಐದು ಲೀಟರ್ ಕ್ಯಾನಿನಲ್ಲಿ ತಂದು ಮನೆಯಲ್ಲೇ ತೆಳು ಮಾಡುವುದು, ಹನ್ನೆರಡು ಗಂಟೆ ಅಲುಗಾಡದೆ ಕೂತ ಮೇಲೆ ಅಳೆಯಬೇಕು ಅನ್ನುವುದು ಸರ್ ನಿಯಮ, ಬೆಳಿಗ್ಗೆ ಹುಂಚದಿಂದ ನೇರ ಸಾಗರದ ಬಸ್ಸು ಹತ್ತುವವಳು ನಾನು, ಮನೆಯಲ್ಲದೆ ಇನ್ನೆಲ್ಲಿ ಕೂರಿಸಲಿ.

ಹೊಟ್ಟೆ ಚುರುಗುಟ್ಟುತ್ತಿದೆ, ಬ್ಯಾಗಿನಲ್ಲಿ ಬಿಸ್ಕೆಟ್ ಇರಬೇಕು, ಛತ್ರಿ, ನೋಟ್ ಪುಸ್ತಕ, ಹೊಸ ಸಿರಿಂಜ್ ಫಿಲ್ಟರಿನ ಪೊಟ್ಟಣ, ಇದೇನಿದು, ಸ್ಟೀಲಿನ ಪುಟ್ಟ ಬಾಟಲಿ, ಮುಚ್ಚಳಕ್ಕೆ ದಾರ ಸುತ್ತಿದೆ, ಓ, ಅಜ್ಜಿ ಕೊಟ್ಟದ್ದು, ಬೆಳಿಗ್ಗೆ ಬಸ್ಸು ಹಾರ್ನ್ ಹೊಡೆಯುತ್ತಿದ್ದಾಗ ಜಗಲಿಯವರೆಗೆ ಬಂದು ಬ್ಯಾಗಿಗೆ ತುರುಕಿ ಏನೋ ಹೇಳಿದರು, ಹೂಂ ಅಜ್ಜಿ ಹೂಂ ಅಂತ ಓಡಿದೆ, ಏನು ಹೇಳಿದರು, ಅಲ್ಲೇ ಬಿಡು ಮಗಾ, ನೀರು ತಂದ ಜಾಗದಲ್ಲೇ, ಅಂತ, ಏನನ್ನು ಬಿಡುವುದು, ಅಲ್ಲಾಡಿಸಿದರೆ ನೀರು, ಮುಚ್ಚಳ ತೆಗೆದರೆ ವಾಸನೆ ಇಲ್ಲ ಬಣ್ಣ ಇಲ್ಲ, ಬರೀ ನೀರು, ತೀರ್ಥವಾ, ಪದ್ಮಾವತಿ ಅಮ್ಮನ ಗುಡಿಯದ್ದಾ, ಅಳತೆ ಸರಿಯಾಗಲಿ ಅಂತ ಕೊಟ್ಟರಾ, ಆದರೆ ತೀರ್ಥವನ್ನು ಬಿಡು ಅನ್ನುವುದಿಲ್ಲವಲ್ಲ, ಕುಡಿ ಅನ್ನುತ್ತಾರೆ — ಫೋನ್ ಮಾಡಿಯೇ ಬಿಡುತ್ತೇನೆ, ಆನಂದಪುರ ದಾಟಿದರೆ ಸಿಗ್ನಲ್ ಹೇಗೋ ಏನೋ.

ಹಲೋ, ಅಜ್ಜಿ, ನಾನು, ಈ ಬಾಟಲಿಯಲ್ಲಿ ಏನಿದೆ, ಎಂತ ಮಗಾ, ಬಾಟಲಿ ಅಜ್ಜಿ, ಬ್ಯಾಗಿಗೆ ಹಾಕಿದ್ರಲ್ಲಾ, ಓ ಅದಾ, ಅದು ನಿನ್ ಕ್ಯಾನ್ ನೀರಿಂದು ಮಾರಾಯ್ತಿ, ಗಾಳಿಸಿದ್ನಲ್ಲಾ, ಆ ಬಟ್ಟೇನ ಅದೇ ನೀರಲ್ಲಿ ತೊಳ್ದಿದ್ದು, ಗಾಳಿಸಿದ್ರಾ, ಏನು ಗಾಳಿಸಿದ್ರಿ, ನೀರು, ಮತ್ತೆಂತ, ನೀನು ತಂದು ಅಡ್ಗೆ ಮನೇಲಿ ಇಟ್ಟಿದ್ದು, ಗಾಳಿಸ್ದೆ ಹಾಗೇ ಇಡಕ್ಕಾಗ್ತದಾ, ಒಗೆದು ಒಣಗಿಸಿದ್ ಹೊಸ ಬಟ್ಟೆ, ಎರಡು ಮಡಿಕೆ ಹಾಕಿ ಚೆಂದಾಗಿ ಗಾಳಿಸಿ, ಕ್ಯಾನಿಗೇ ವಾಪಸ್ ತುಂಬಿ ಇಟ್ಟೆ, ಒಂದು ಹನಿ ಚೆಲ್ಲಿಲ್ಲ, ಅಜ್ಜಿ, ಅಜ್ಜಿ ತಡೀರಿ, ಈ ಸಲ ಮಾತ್ರವಾ ಅಥವಾ, ಪ್ರತೀ ಸಲನೂ ಮಾಡ್ತೀನಪ್ಪ, ಎಂತಕ್ಕೆ ಬಿಡ್ತೀನಿ, ನೀನು ಬಂದು ಸ್ನಾನಕ್ಕೆ ಹೋಗ್ತಿ, ಅಷ್ಟ್ರಲ್ಲಿ ಗಾಳಿಸಿ ಮುಗ್ಸಿರ್ತೀನಿ, ಹಿಂದಿನ ಮೂರು ಸಲ ಬಟ್ಟೆ ತೊಳ್ದಿದ್ದು ನಮ್ ಬಾವಿಗೇ ಬಿಟ್ಟೆ, ಆಮೇಲೆ ಮನ್ಸು ಕೇಳ್ಳಿಲ್ಲ ನೋಡು, ಬಟ್ಟೇಲಿ ಸಿಕ್ಕಿದ್ವು ತೀರ್ಥಳ್ಳಿ ನೀರಿನ ಸಣ್ಣ ಜೀವ, ನಮ್ ಬಾವಿ ಅವಕ್ಕೆ ಪರಊರಲ್ವಾ, ಎಲ್ಲಿಂದ ಬಂದ್ವೋ ಅಲ್ಲಿಗೇ ಬಿಡ್ಬೇಕು, ಹಂಗಾಗಿ ಈ ಸಲ ಬಾಟ್ಲಿಗೆ ಹಾಕಿ ಕೊಟ್ಟೆ, ಬಿಸ್ಲಲ್ಲಿ ಇಡ್ಬೇಡ ಪಾಪ, ಆಯ್ತಾ — ಆಯ್ತು ಅಜ್ಜಿ, ಅಂದೆ, ಅಂದೆನಾ, ಅಂದೆ, ಫೋನ್ ಇಟ್ಟೆ, ನಗು ಬರುತ್ತಿದೆ, ಅಳುವೂ ಬರುತ್ತಿದೆ, ಪಕ್ಕದವರು, ಎಂತಾಯ್ತಮ್ಮ ಮನೇಲಿ ಎಲ್ಲ ಹುಷಾರಾ, ಅಂದರೆ, ಎಲ್ಲ ಹುಷಾರು, ನನ್ನ ಅಜ್ಜಿ ನೀರು ಸೋಸಿದ್ದಾರೆ, ಅಂದುಬಿಟ್ಟೆ, ಅವರು ಒಂದು ಇಂಚು ಆಚೆ ಸರಿದರು.

ಬಟ್ಟೆ, ಹತ್ತಿಯ ಬಟ್ಟೆ, ಹೊಸ ಬಟ್ಟೆ ಬೇರೆ, ಎಳೆಯ ಚೂರು ಪಾರು, ಕಣ್ಣಿಗೆ ಕಾಣದ ನಾರಿನ ಹುಡಿ, ಎರಡು ಸಾವಿರ ಏನು ಇಪ್ಪತ್ತು ಸಾವಿರ ನ್ಯಾನೋಮೀಟರಿನದೂ ಇದ್ದಾವು, ನಾನು ಎಂಥ ಕತ್ತೆ, ಹುಟ್ಟಿದಾಗಿನಿಂದ ಆ ಮನೆಯಲ್ಲಿ ಒಂದು ಲೋಟ ನೀರನ್ನೂ ಸೋಸದೆ ಕುಡಿದವಳಲ್ಲ, ಹಂಡೆಯ ಬಾಯಿಗೆ ಬಿಳಿ ಬಟ್ಟೆ ಕಟ್ಟದ ಬೆಳಗನ್ನೇ ಕಂಡವಳಲ್ಲ, ಅಂಗಡಿಯಿಂದ ಸೀಲು ಹಾಕಿದ ಬಾಟಲಿ ತಂದರೂ ಅಜ್ಜಿ ಅದನ್ನು ಸೋಸಿಯೇ ಕೊಡುವುದು, ಎಲ್ಲದರ ಮೇಲೂ ಅನುಮಾನಪಟ್ಟೆ, ಸಿಪ್ಪೆ, ಲವಣ, ಗಾಜು, ಧರ್ಮಪ್ಪ, ಕೊನೆಗೆ ತೂಕದ ಯಂತ್ರದ ಮೇಲೂ, ಆ ಬಟ್ಟೆಯ ಮೇಲೆ ಮಾತ್ರ ಅನುಮಾನವೇ ಬರಲಿಲ್ಲ, ಹೇಗೆ ಬಂದೀತು, ಅದು ಶುದ್ಧ ಮಾಡುವ ಬಟ್ಟೆ, ನಾನೇ ಅಡುಗೆಮನೆಯಲ್ಲಿ ಆ ಹೊತ್ತಿಗೆ ನಿಂತಿದ್ದರೂ ನೋಡುತ್ತಿರಲಿಲ್ಲವೇನೋ, ಅಜ್ಜಿಗೆ ಬೈಯಲೇ, ಬೈಯಲು ಏನಿದೆ, ಅವರು ತಮ್ಮ ಕೆಲಸ ಸರಿಯಾಗಿ ಮಾಡಿದರು, ಹೇಳದೆ ಇದ್ದವಳು ನಾನು, ಅಜ್ಜಿ ಈ ನೀರನ್ನು ಮುಟ್ಟಬೇಡಿ ಅನ್ನುವ ಒಂದು ಮಾತು — ಅಲ್ಲ, ಒಂದು ನಿಮಿಷ, ಹಾಗಾದರೆ ನನ್ನ ಕಣಗಳು, ಹಾಗಾದರೆ ಅವು ಅಂಟಿಕೊಂಡೇ ಇಲ್ಲವೇನೋ, ಇರಬಹುದು ಅಷ್ಟೇ, ಇನ್ನೂ ಗೊತ್ತಿಲ್ಲ, ಕುಣಿಯಬೇಡ, ಬಟ್ಟೆಯೂ ಇದ್ದು ಗಂಟೂ ಇದ್ದರೆ, ಎರಡೂ ಸೇರಿ ಆ ಗುಡ್ಡ ಆಗಿದ್ದರೆ, ಅಮ್ಮಾ ಪದ್ಮಾವತಿ, ಹಾಗೆ ಮಾತ್ರ ಮಾಡಬೇಡ.

ಹತ್ತೂ ಮುಕ್ಕಾಲು, ಸಾಗರದ ಸ್ಟ್ಯಾಂಡು, ಇಳಿದು ನಡೆಯುತ್ತಿದ್ದೇನೆ, ಬೆವರು, ಬ್ಯಾಗಿನಲ್ಲಿ ಸಿರಿಂಜ್ ಫಿಲ್ಟರ್ ಇದೆ, ಇನ್ನೂರು ನ್ಯಾನೋಮೀಟರಿನ ತೂತಿನದು, ನಿನ್ನೆ ತೆಳು ಮಾಡಿದ ಸೀಸೆಯನ್ನೇ ಇದರಿಂದ ಒಂದು ಸಲ ಒತ್ತಿಬಿಟ್ಟರೆ ದೊಡ್ಡದೆಲ್ಲ ಹಿಂದೆ ಉಳಿದು ಒಂದೇ ಗುಡ್ಡ ಬರುತ್ತದೆ, ಬಂದೇ ಬರುತ್ತದೆ, ಐದು ನಿಮಿಷದ ಕೆಲಸ, ಸರ್‌ಗೂ ಗೊತ್ತಾಗುವುದಿಲ್ಲ, ಧರ್ಮಪ್ಪನವರ ಮುಂದೆ ತಲೆ ತಗ್ಗಿಸುವುದೂ ಬೇಡ, ಇವತ್ತು ಕ್ಯುವೆಟ್ ಚೆನ್ನಾಗಿ ತೊಳೆದಿದ್ದೀರಿ ನೋಡಿ ಅಂತ ಜಂಬದಿಂದ ಹೇಳಿ ಎದ್ದು ಬರಬಹುದು — ಥೂ, ಏನು ಯೋಚನೆ ಇದು, ತೆಳು ಮಾಡುವ ನೀರನ್ನು ಸೋಸು, ಸ್ಯಾಂಪಲ್ಲನ್ನು ಸೋಸಿದರೆ ಅದು ಅಳತೆ ಅಲ್ಲ ಅಲಂಕಾರ, ಅಂತ ಸರ್ ಮೊದಲ ದಿನವೇ ಹೇಳಿದ್ದರು, ಮೂರು ಹಂತದ ನೀರಲ್ಲವೇ ಅಂತ ನಾನು ಆ ನೀರನ್ನೂ ಸೋಸಿರಲಿಲ್ಲ, ಗಂಟು ನಿಜವಾಗಿ ಇದ್ದರೆ ಅದನ್ನೂ ಸೋಸಿ ಎಸೆದಂತಾಗುತ್ತದೆ, ಆಮೇಲೆ ಯಾರದೋ ಬಾವಿಯ ನೀರು ಸುಮ್ಮಸುಮ್ಮನೆ ಬೂದಿಯಾಗಿ ಅವರು ಆ ಬಾವಿಯನ್ನೇ ಮುಚ್ಚಿಸಿದರೆ, ಇಲ್ಲ, ಬೇಡ, ಒಂದೇ ದಾರಿ, ಬಾಟಲಿಯ ನೀರನ್ನೇ ಅಳೆಯುವುದು, ಬೆಳ್ಳಿಯೇ ಇಲ್ಲದ ಅಜ್ಜಿಯ ನೀರು, ಅದರಲ್ಲೂ ಆ ಗುಡ್ಡ ಅದೇ ಜಾಗದಲ್ಲಿ ಎದ್ದರೆ ನನ್ನ ಕಣಗಳ ಮೇಲಿನ ಅನುಮಾನ ಅರ್ಧ ಹೋಯಿತು, ಆಮೇಲೆ ಹಳೆಯ ಸೀಸೆಯ ಬೆಳ್ಳಿಯನ್ನು ಇಲ್ಲಿಯ ನೀರಿನಲ್ಲಿ ಹೊಸದಾಗಿ ತೆಳು ಮಾಡಿ ಅಳೆದರೆ ಉಳಿದರ್ಧ, ನಲವತ್ತು ದಿನ ಕೂತ ಬೆಳ್ಳಿ, ಅಂಟಿಕೊಳ್ಳುವುದಿದ್ದರೆ ಇಷ್ಟರಲ್ಲಿ ಅಂಟಿಕೊಂಡೇ ಇರುತ್ತದೆ, ಅಡಗಿಕೊಳ್ಳಲು ಅದಕ್ಕೆ ಜಾಗವಿಲ್ಲ, ನನಗೂ ಇಲ್ಲ.

ಬನ್ನಿ ಮೇಡಂ, ಅಂದರು ಧರ್ಮಪ್ಪ, ಕ್ಯುವೆಟ್ ನಾಲ್ಕು ಸಲ ತೊಳ್ದು ಇಟ್ಟಿದೀನಿ, ಬೇಕಿದ್ರೆ ನೀವೂ ಒಂದ್ಸಲ ತೊಳೀರಿ, ಪತ್ರ ಬರೆಯೋ ಕಷ್ಟ ತಪ್ತದೆ, ಮುಖದಲ್ಲಿ ನಗು ಇಲ್ಲ, ನನ್ನ ಕಿವಿ ಬಿಸಿ, ಕೂರದೆ ನಿಂತೇ ಹೇಳಿದೆ, ಧರ್ಮಪ್ಪನವರೇ ತಪ್ಪು ನಂದು, ನಿಮ್ಮ ಕ್ಯುವೆಟ್ಟಿಂದಲ್ಲ, ನೀವು ಹೇಳಿದ್ರಲ್ಲಾ ಮನೆ ಕಡೆ ನೋಡ್ಕೊಳ್ಳಿ ಅಂತ, ನೋಡಿಕೊಂಡೆ, ಅಂತ ಶುರು ಮಾಡಿ ಬಟ್ಟೆ, ಕ್ಯಾನು, ತೀರ್ಥಹಳ್ಳಿಯ ಜೀವಗಳು, ಬಾಟಲಿ, ಎಲ್ಲ ಒಂದೇ ಉಸಿರಿನಲ್ಲಿ ಹೇಳಿದೆ, ಪತ್ರ ವಾಪಸ್ ತಗೋತೀನಿ, ನಿಮ್ಮ ಸಾಹೇಬರಿಗೆ ನಾನೇ ಬರೆದು ಕೊಡ್ತೀನಿ, ಅಂದೆ, ಅವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮೂರು ಹಂತ ಶುದ್ಧ ಮಾಡಿದ್ ನೀರನ್ನ ಅಜ್ಜಿ ನಾಲ್ಕನೇ ಹಂತ ಮಾಡಿದಾರೆ ಅನ್ನಿ, ಅಂದರು, ಆಗ ಬಂತು ಅವರಿಗೆ ನಗು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು, ನಮ್ಮಮ್ಮ ಇದ್ದಿದ್ರೆ ಬೆಲ್ಲ ಹಾಕಿ ಪಾನಕನೇ ಮಾಡಿರ್ತಿದ್ಲು ಮೇಡಂ, ಕೂತ್ಕಳಿ ಕೂತ್ಕಳಿ, ತನ್ನಿ ಆ ಬಾಟ್ಲಿ, ಅಂತ ಕೈ ಚಾಚಿದರು, ನನಗೂ ನಗು, ನನ್ನ ಜೀವಮಾನದಲ್ಲಿ ಕ್ಷಮೆ ಕೇಳಿ ಇಷ್ಟು ಸುಖವಾದದ್ದು ಇದೇ ಮೊದಲು.

ಅಜ್ಜಿಯ ನೀರು ಕ್ಯುವೆಟ್ಟಿಗೆ, ಕ್ಯುವೆಟ್ಟು ಯಂತ್ರಕ್ಕೆ, ಮುಚ್ಚಳ ಟಕ್, ಎರಡು ನಿಮಿಷ ತಾಪ ಸರಿಹೋಗಲು, ಎರಡು ನಿಮಿಷ ಎಷ್ಟು ಉದ್ದ, ಉಳಿದಿದ್ದು ಚೆಲ್ಲಿಬಿಡ್ಲಾ, ಅಂದರು ಧರ್ಮಪ್ಪ, ಬೇಡ ಬೇಡ, ಅದು ತೀರ್ಥಹಳ್ಳಿಗೆ ಹೋಗಬೇಕು, ಅಂದೆ, ಹೌದಲ್ಲಾ ಮರ್ತೇ ಹೋಯ್ತು, ಕ್ಯುವೆಟ್ಟಲ್ಲಿ ಇರೋದನ್ನೂ ಆಮೇಲೆ ಅದಕ್ಕೇ ಹಾಕಿ ಕೊಡ್ತೀನಿ, ಅಂದರು, ತಮಾಷೆಯಲ್ಲ, ನಿಜವಾಗಿಯೇ ಅಂದರು, ಆಮೇಲೆ ಕೀಬೋರ್ಡ್ ಮೇಲೆ ಬೆರಳಿಟ್ಟು, ಸ್ಯಾಂಪಲ್ ಹೆಸ್ರು ಎಂತ ಕೊಡ್ಲಿ, ಹೆಸ್ರು ಹಾಕ್ದೇ ಇದು ಮುಂದೆ ಹೋಗಲ್ಲ, ಹೆಸರು, ನೀರು ಅಂತ ಹಾಕಲೇ, ಬರೀ ನೀರು ಅಲ್ಲ ಇದು, ಬಟ್ಟೆ ಅಂತಲೇ, ಬರೀ ಬಟ್ಟೆಯೂ ಅಲ್ಲ, ಜಿನಮ್ಮ, ಅಂದೆ, ಅವರು ತಿರುಗಿ ನೋಡಿದರು, ಒಂದೊಂದೇ ಅಕ್ಷರ ಒತ್ತಿದರು, ಗೆರೆ ಹೊರಟಿತು, ಎಡಗಡೆ ಇಪ್ಪತ್ತೆಂಟರಲ್ಲಿ ಏನೂ ಇಲ್ಲ, ನೂರರಲ್ಲಿ ಇಲ್ಲ, ಐನೂರರಲ್ಲಿ ಇಲ್ಲ, ಏಳು, ಏಳು ಮಾರಾಯ, ಮೂರು ಸಲ ಕರೆಯದೆ ಬಂದೆ ಈಗ ಕರೆಯುತ್ತಿದ್ದೇನೆ ಬಾ, ಸಾವಿರದ ಐನೂರರ ಹತ್ತಿರ ಗೆರೆ ತಲೆ ಎತ್ತಿತು, ಎದ್ದಿತು, ಎದ್ದೇಬಿಟ್ಟಿತು, ಎರಡು ಸಾವಿರದ ನೂರ ನಲವತ್ತು, ಇದ್ರಲ್ಲಿ ಬೆಳ್ಳಿನೇ ಇಲ್ವಲ್ಲ ಮೇಡಂ, ಅಂದರು ಧರ್ಮಪ್ಪ, ಇಲ್ಲ, ಅಂದೆ.

ಈಗ ಉಳಿದರ್ಧ, ಧರ್ಮಪ್ಪ ತಮ್ಮ ನೀರನ್ನು ಸಿರಿಂಜಿನಲ್ಲಿ ಎಳೆದು ಫಿಲ್ಟರಿನಿಂದ ಹನಿಹನಿಯಾಗಿ ಒತ್ತುತ್ತಿದ್ದಾರೆ, ನೋಡಿ ನಾವೂ ಗಾಳಿಸೋದೇ, ಬಟ್ಟೆ ಸ್ವಲ್ಪ ಸಣ್ಣದು ಅಷ್ಟೇ, ಅನ್ನುತ್ತಾರೆ, ಜೇನಿನ ಬಣ್ಣದ ಸೀಸೆಯಿಂದ ನಾನು ಒಂದೇ ಹನಿ, ಕೈ ಅಲುಗದೆ, ಬಿತ್ತು, ಹಳದಿ ಹರಡಿತು, ಮುಚ್ಚಳ ಟಕ್, ಮತ್ತೆ ಎರಡು ನಿಮಿಷ, ಹೊರಗೆ ಯಾರೋ ಬೈಕ್ ಕಿಕ್ ಹೊಡೆಯುತ್ತಿದ್ದಾರೆ, ಸ್ಟಾರ್ಟ್ ಆಗುತ್ತಿಲ್ಲ, ಹೆಸ್ರು, ಸುಪ್ರಿಯಾ ಅಂತ ಹಾಕಿ, ಗೆರೆ ಹೊರಟಿತು, ಇಪ್ಪತ್ತೆಂಟರಲ್ಲಿ ಗುಡ್ಡ, ನುಣುಪಾದದ್ದು, ಇಳಿಯಿತು, ನೆಲಕ್ಕೆ ಬಂತು, ನೂರು, ಮಲಗಿದೆ, ಐನೂರು, ಮಲಗಿದೆ, ಸಾವಿರ, ನಾನು ಉಸಿರು ಬಿಟ್ಟಿಲ್ಲ, ಸಾವಿರದ ಐನೂರು, ಎರಡು ಸಾವಿರ, ಮಲಗಿದೆ, ಮಲಗಿದೆ, ಹತ್ತು ಸಾವಿರದವರೆಗೆ ಚಾಪೆ ಹಾಸಿ ಮಲಗಿದೆ, ಒಂದೇ, ಅಂದರು ಧರ್ಮಪ್ಪ, ಒಂದೇ ಮೇಡಂ, ಇದ್ನ ಇಲ್ಲೇ ಬಿಟ್ಟು ಹೋಗಿ, ರಾತ್ರಿಯೆಲ್ಲ ಕೂತಿರ್ಲಿ, ನಾಳೆ ಬೆಳಗ್ಗೆ ಸಮಿತಿ ಕೂರೋ ಮೊದ್ಲು ಇನ್ನೊಂದ್ಸಲ ಅಳ್ದು ಕಳಿಸ್ತೀನಿ, ಯಾರ ಕೈಲೂ ಮುಟ್ಟಿಸಲ್ಲ, ನಾನು ಸರ್‌ಗೆ ಫೋನ್ ಮಾಡಿದೆ, ಬಟ್ಟೆಯ ಕಥೆಯನ್ನೂ ಬಿಡದೆ ಎಲ್ಲ ಹೇಳಿದೆ, ಆ ಅಜ್ಜಿ ನೀರಿಂದೂ ಪ್ರಬಂಧಕ್ಕೆ ಹಾಕು, ಬೆಳ್ಳಿ ಇಲ್ಲದ ನೀರಿನ ಹೋಲಿಕೆ ಬೇಕಾಗಿತ್ತು ನಂಗೆ, ನಾಲ್ಕು ಸಲದಲ್ಲಿ ಅದೊಂದು ಅಳತೆ ಮಾಡ್ಸು ಅಂತ ಹೇಳಕ್ಕೆ ಮರ್ತದ್ದು ನಾನೇ ಅಲ್ದಾ, ವಿಷಯ ಬದ್ಲಾಯಿಸದು ಇಲ್ಲೆ, ಹೋಗು ಉಂಡ್ಕ ಮೊದ್ಲು, ಅಂದರು, ಧರ್ಮಪ್ಪ ಎರಡೂ ಗೆರೆಗಳನ್ನು ಒಂದೇ ಚೌಕದಲ್ಲಿ ತಂದು ಕೂರಿಸುತ್ತಿದ್ದಾರೆ, ಪ್ರಬಂಧದ ಚಿತ್ರಕ್ಕೆ, ಎಡಗಡೆ ನನ್ನದು, ಹಸಿರು ಗೆರೆ, ಬಲಗಡೆ ಅದು, ನೀಲಿ ಗೆರೆ, ಹೆಸ್ರು ತೆಗ್ದು ಒಂದು ಎರಡು ಅಂತ ಮಾಡ್ಲಾ, ಅಂತ ಕೇಳುತ್ತಿದ್ದಾರೆ, ಬೇಡ, ಇರಲಿ, ಹಾಗೇ ಇರಲಿ, ಎಲ್ಲ ವಿಶ್ವವಿದ್ಯಾಲಯದವರೂ ಓದಲಿ, ಮೂರು ಸಲವೂ ನನ್ನನ್ನು ಅಳುವಂತೆ ಮಾಡಿದ ಗುಡ್ಡ, ನೀಲಿಯಾಗಿ, ದುಂಡಗೆ, ತಪ್ಪೇ ಮಾಡದವರ ಹಾಗೆ ಕೂತಿದೆ, ಅದರ ತಲೆಯ ಮೇಲೆ ಸಣ್ಣ ಅಕ್ಷರದಲ್ಲಿ ಹೆಸರು, ಜಿನಮ್ಮ, ಎರಡು ಸಾವಿರದ ನೂರ ನಲವತ್ತು — ಜಿನಮ್ಮ — ಜಿನಮ್ಮ